ರಾಮದೇವರ ಬೆಟ್ಟದ ಗುಂಡುಗಳು

ಮೈಸೂರಿನ ಮಂಡಿ ಮೊಹಲ್ಲಾದವರಿಗೆ ರೈಲು ನಿಲ್ದಾಣ ದೂರವಲ್ಲ. ಬೆಳಗಿನ ಬೆಂಗಳೂರು ಗಾಡಿ ಹತ್ತಿ, ಮದ್ದೂರಿನಲ್ಲಿ ವಡೆ ತಿಂದು, ಚನ್ನಪಟ್ಟಣ ದಾಟಿದರೆ ರಾಮನಗರ. ಅಲ್ಲಿನ ರಾಮದೇವರ ಬೆಟ್ಟಕ್ಕೆ ಬಂದವರು ಮೊದಲು ಕೇಳುವುದು ಅಲ್ಲೇ ಚಿತ್ರೀಕರಿಸಿದ 1975ರ ಸಿನಿಮಾ ‘ಶೋಲೆ’ಯ ಗಬ್ಬರ್ ಎಲ್ಲಿ ಕೂತಿದ್ದ ಅಂತ. ಕೇಳಲಿ ಬಿಡಿ. ನನ್ನ ಪಾಲಿಗೆ ಅಲ್ಲಿನ ನಾಯಕ ಕಲ್ಲೇ.

ಊರಿನ ಹಳೆಯ ಹೆಸರು ಕ್ಲೋಸ್‌ಪೇಟೆ. ಭೂವಿಜ್ಞಾನಿಗಳು ಈ ಗ್ರಾನೈಟನ್ನು ಇಂದಿಗೂ ಕರೆಯುವುದು ಆ ಹೆಸರಿನಿಂದಲೇ. ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದಾಳದಲ್ಲಿ ನಿಧಾನವಾಗಿ ತಣಿದದ್ದರಿಂದ ಫೆಲ್ಡ್‌ಸ್ಪಾರ್ ಹರಳುಗಳು ಬರಿಗಣ್ಣಿಗೆ ಕಾಣುವಷ್ಟು ದಪ್ಪ, ಕೆಲವೆಡೆ ಗುಲಾಬಿ. ಮೇಲಿನ ಪದರ ಸವೆದು ಭಾರ ಇಳಿದಾಗ ಕಲ್ಲು ಸೀಳಿತು. ಸೀಳಿಗಿಳಿದ ನೀರು ಫೆಲ್ಡ್‌ಸ್ಪಾರನ್ನು ಜೇಡಿಮಣ್ಣಾಗಿಸಿತು. ಮೂಲೆಗಳಿಗೆ ನೀರು ಹಲವು ಕಡೆಯಿಂದ ತಾಕುವುದರಿಂದ ಅವೇ ಮೊದಲು ಸವೆದವು. ಮಳೆ ಆ ಮಣ್ಣನ್ನು ತೊಳೆದೊಯ್ದ ಮೇಲೆ ಉಳಿದದ್ದು ಗುಂಡುಗಳು, ಒಂದರ ಮೇಲೊಂದು. ದೈತ್ಯರು ಪೇರಿಸಿಟ್ಟಂತಿರುವ ಇವನ್ನು ಯಾರೂ ಎತ್ತಿಟ್ಟಿಲ್ಲ. ಸುತ್ತಲಿನದು ಹೋಗಿದೆ, ಇವು ಇದ್ದಲ್ಲೇ ಇವೆ. ನನಗೆ ಗಬ್ಬರ್‌ಗಿಂತ ದೊಡ್ಡ ರೋಮಾಂಚನ ಇದೇ.

ಕಡಿದಾದ ಬಂಡೆಮೈಯ ಬಿಳಿ ಗೀಟುಗಳು ರಣಹದ್ದುಗಳ ಹಿಕ್ಕೆ. ಈ ಬೆಟ್ಟ 2012ರಲ್ಲಿ ರಣಹದ್ದು ಧಾಮವಾಯಿತು. ದುರ್ಬೀನು ಒಯ್ಯಿರಿ, ನೀರೂ ಇರಲಿ. ಮಧ್ಯಾಹ್ನದ ಹೊತ್ತಿಗೆ ಬಂಡೆ ಹೆಂಚಿನಂತೆ ಕಾಯುತ್ತದೆ.