ಹಳೆಯ ಕಾರಿನ ಕಿಡಿಯೂ ಪಾಠದ ಲೆಕ್ಕವೂ

ವಿದ್ಯುತ್ಕಾಂತೀಯ ಪ್ರೇರಣೆಯ ಪಾಠ ಮುಗಿದ ಮೇಲೆ ಇಂಥದೊಂದು ಲೆಕ್ಕವನ್ನು ನೀವೂ ಬಿಡಿಸಿರಬಹುದು. ಕಾರಿನ ಇಗ್ನಿಷನ್ ಕಾಯಿಲಿನ ಪ್ರಾಥಮಿಕ ಸುರುಳಿಯಲ್ಲಿ 200 ಸುತ್ತು, ದ್ವಿತೀಯಕದಲ್ಲಿ 20,000 ಸುತ್ತು, ಬ್ಯಾಟರಿ 12 ವೋಲ್ಟ್. ದ್ವಿತೀಯಕದ ವೋಲ್ಟೇಜ್ ಎಷ್ಟು? ಉತ್ತರ 1,200 ವೋಲ್ಟ್. ಪೂರ್ಣ ಅಂಕ ಸಿಗುತ್ತದೆ, ಕಾರು ಮಾತ್ರ ಹೊರಡುವುದಿಲ್ಲ. ಸ್ಪಾರ್ಕ್ ಪ್ಲಗ್ಗಿನ ಅರ್ಧ ಮಿಲಿಮೀಟರಿಗೂ ಮಿಕ್ಕ ಅಂತರವನ್ನು ಬಯಲು ಗಾಳಿಯಲ್ಲಿ ದಾಟಲೂ ಅಷ್ಟು ವೋಲ್ಟೇಜ್ ಸಾಲದು. ಸಿಲಿಂಡರಿನೊಳಗಿನ ಒತ್ತಡದಲ್ಲಿ ಇನ್ನೂ ಹಲವು ಸಾವಿರ ವೋಲ್ಟ್ ಬೇಕು.

ತಮಾಷೆಯೆಂದರೆ, ಆ 1,200 ಪೂರಾ ಸುಳ್ಳಲ್ಲ. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳು ಕೂಡಿದ ಕ್ಷಣದಲ್ಲಿ ಹೆಚ್ಚುಕಡಿಮೆ ಅಷ್ಟೇ ಹುಟ್ಟುತ್ತದೆ, ಆಗ ಕಿಡಿ ಹಾರುವುದಿಲ್ಲ. ಕಿಡಿ ಹಾರುವುದು ಅವು ಅಗಲಿದಾಗ. ಅಂದರೆ ನಮ್ಮ ಪಾಠವು ಕಿಡಿಯಿಲ್ಲದ ಕ್ಷಣವನ್ನು ಲೆಕ್ಕಹಾಕಿಸಿ ಅದನ್ನೇ ಕಿಡಿಯ ವಿವರಣೆ ಎನ್ನುತ್ತಿದೆ!

1910ರ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಬ್ಯಾಟರಿ ಇಗ್ನಿಷನ್ನಿನಿಂದ ಹಿಡಿದು ನಮ್ಮ ಹಳೆಯ ಅಂಬಾಸಡರ್, ಪದ್ಮಿನಿಗಳವರೆಗೆ ಮೂಲತತ್ತ್ವ ಒಂದೇ. ಕಾಯಿಲ್ ಮೊದಲು ಶಕ್ತಿಯನ್ನು ಕೂಡಿಡುತ್ತದೆ. ಪ್ರಾಥಮಿಕದ ರೋಧ 3 ಓಮ್ ಎಂದುಕೊಳ್ಳಿ. ಪ್ರವಾಹ 4 ಆಂಪೇರಿಗೆ ಏರುತ್ತದೆ. ಪ್ರೇರಕತೆ 8 ಮಿಲಿಹೆನ್ರಿ ಆದರೆ ಕಾಂತಕ್ಷೇತ್ರದಲ್ಲಿ ಕೂಡಿದ ಶಕ್ತಿ 0.064 ಜೌಲ್. ಪಾಯಿಂಟುಗಳು ಅಗಲಿ ಪ್ರವಾಹ ಥಟ್ಟನೆ ಕುಸಿದಾಗ ಪ್ರಾಥಮಿಕದಲ್ಲೇ ಸುಮಾರು 300 ವೋಲ್ಟ್ ಏಳಬಲ್ಲದು. ನೂರರಿಂದ ಗುಣಿಸಬೇಕಾದದ್ದು ಇದನ್ನು, ಬ್ಯಾಟರಿಯ 12ನ್ನಲ್ಲ.

ಕಂಡೆನ್ಸರಿಗಂತೂ ಇನ್ನೂ ಅನ್ಯಾಯವಾಗಿದೆ. 'ಪಾಯಿಂಟುಗಳು ಸುಡದಂತೆ ಕಾಪಾಡುತ್ತದೆ' ಎಂಬ ಒಂದು ಸಾಲಿನಲ್ಲಿ ಅದರ ಕಥೆ ಮುಗಿಯುತ್ತದೆ. ಅದನ್ನು ಕಿತ್ತು ನೋಡಿದರೆ ಪಾಯಿಂಟುಗಳ ನಡುವೆ ಬೆಂಕಿ ಜೋರಾಗಿ, ಪ್ಲಗ್ಗಿನ ಕಿಡಿ ಸೊರಗುತ್ತದೆ. ಅಗಲುತ್ತಿರುವ ಪಾಯಿಂಟುಗಳ ನಡುವೆ ಪ್ರವಾಹ ಉರಿಯುತ್ತ ಮುಂದುವರಿದರೆ ಥಟ್ಟನೆ ಕುಸಿಯುವುದೆಲ್ಲಿ ಬಂತು? ಸುಮಾರು 0.2 ಮೈಕ್ರೊಫ್ಯಾರಡ್‌ನ ಆ ಪುಟ್ಟ ಡಬ್ಬಿ ಪ್ರವಾಹವನ್ನು ತನ್ನೊಳಗೆ ಎಳೆದುಕೊಂಡು, ಪಾಯಿಂಟುಗಳು ಸಾಕಷ್ಟು ದೂರವಾಗಲು ಸಮಯ ಕೊಡುತ್ತದೆ. ಪ್ರೇರಣ ಸುರುಳಿಗೆ ಫ್ರಾನ್ಸಿನ ಫಿಜೊ 1853ರಲ್ಲೇ ಕಂಡೆನ್ಸರ್ ಸೇರಿಸಿ ಕಿಡಿಯನ್ನು ಬಲಪಡಿಸಿದ್ದ. ಕಾರು ಹುಟ್ಟುವ ಮೊದಲೇ ತಿಳಿದಿದ್ದ ಸಂಗತಿಯಿದು.

ರಿಪೇರಿ ಕೈಪಿಡಿಗಳೂ ಹಿಂದೆ ಬಿದ್ದಿಲ್ಲ. ಕಿಡಿ ಇಲ್ಲವೇ, ಕಾಯಿಲ್ ಬದಲಿಸಿ ಎನ್ನುವ ಸಲಹೆ ಸುಲಭ, ಕಾಯಿಲ್ ಅಗ್ಗವಲ್ಲ. 12 ವೋಲ್ಟಿನ ಸಣ್ಣ ಬಲ್ಬೊಂದನ್ನು, ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ತೆಳು ತಂತಿಯ ತಿರುಪಿಗೂ ಎಂಜಿನ್ನಿನ ಲೋಹಕ್ಕೂ ನಡುವೆ ಜೋಡಿಸಿ, ಇಗ್ನಿಷನ್ ಹಾಕಿ ಎಂಜಿನ್ ತಿರುಗಿಸಿ. (ದಪ್ಪ ತಂತಿಯ ತಂಟೆಗೆ ಹೋಗಬೇಡಿ, ಅಲ್ಲಿ ಸಾವಿರಾರು ವೋಲ್ಟ್ ಇರುತ್ತದೆ.) ಬಲ್ಬು ಮಿಣುಕಿದರೆ ಪಾಯಿಂಟುಗಳು ಪ್ರವಾಹವನ್ನು ಕೂಡಿಸಿ ಕಡಿಯುತ್ತಿವೆ. ಒಂದೇ ಸಮನೆ ಉರಿದರೆ ಅವು ಕೂಡುತ್ತಿಲ್ಲ, ಅಥವಾ ಮೈಮೇಲಿನ ಕಿಲುಬು ಪ್ರವಾಹವನ್ನು ತಡೆಯುತ್ತಿದೆ. ಉರಿಯದೇ ಹೋದರೆ ಕಾಯಿಲಿಗೆ ವಿದ್ಯುತ್ ಬರುತ್ತಿದೆಯೇ ನೋಡಿ. ಬರುತ್ತಿದ್ದರೆ ಪ್ರಾಥಮಿಕ ಸುರುಳಿ ಕಡಿದಿರಬಹುದು, ಇಲ್ಲವೇ ಪಾಯಿಂಟುಗಳು ಅಗಲುತ್ತಿಲ್ಲ, ಅಥವಾ ಕಂಡೆನ್ಸರ್ ಒಳಗೇ ಶಾರ್ಟ್ ಆಗಿ ಪ್ರವಾಹ ಕಡಿಯಲು ಬಿಡುತ್ತಿಲ್ಲ. ಕಂಡೆನ್ಸರಿನ ತಂತಿ ಬಿಚ್ಚಿ ಮತ್ತೆ ತಿರುಗಿಸಿ. ಬಲ್ಬು ಮಿಣುಕತೊಡಗಿದರೆ ಕಳ್ಳ ಸಿಕ್ಕಿದ.

ಮುಂದಿನ ಪರೀಕ್ಷೆಯಲ್ಲಿ ಸುತ್ತುಗಳ ಲೆಕ್ಕದ ಬದಲು ಈ ಬಲ್ಬಿನ ಮೂರು ಸ್ಥಿತಿಗಳನ್ನೇ ಕೊಟ್ಟು ಕಾರಣ ಕೇಳಬಾರದೇಕೆ?