ಟನ್ ಲೆಕ್ಕ ಸಾಲದು: ಪುಟ್ಟ ಲಾರಿ ಕ್ರೇನುಗಳ ಮಾರುಕಟ್ಟೆ ವರದಿಗಳನ್ನು ಕುರಿತು

ಲಾರಿ ಚಾಲಕನ ಕೋಣೆಯ ಹಿಂದೆ ಮಡಿಚಿಟ್ಟ ತೋಳಿನಂತೆ ನಿಂತಿರುವ ಪುಟ್ಟ ಕ್ರೇನನ್ನು ನೀವು ನೋಡಿರಬಹುದು. ಸರಕು ತಂದ ಲಾರಿಯೇ ಅದನ್ನು ಇಳಿಸಿಯೂ ಕೊಡುತ್ತದೆ. ಬೇರೊಂದು ಕ್ರೇನನ್ನು ಕರೆಸಬೇಕಾಗಿಲ್ಲ. ಇಂತಹ ಕ್ರೇನುಗಳ ಮಾರುಕಟ್ಟೆ ಬೆಳೆಯುತ್ತಿದೆ ಎಂಬ ವರದಿಗಳು ಆಗಾಗ ಪ್ರಕಟವಾಗುತ್ತವೆ. ನಗರಗಳ ಕಿರಿದಾದ ರಸ್ತೆಗಳು, ಕೂಲಿಯವರ ಕೊರತೆ, ಕಟ್ಟಡ ಕಾಮಗಾರಿಗಳ ಹೆಚ್ಚಳ ಎಂದು ಅವು ಕಾರಣಗಳನ್ನೂ ಕೊಡುತ್ತವೆ. ಈ ಕಾರಣಗಳು ಸುಳ್ಳಲ್ಲ. ಆದರೆ ಕ್ರೇನುಗಳನ್ನು ಬರೀ ಟನ್ನುಗಳಲ್ಲಿ ವಿಂಗಡಿಸುವ ಅವುಗಳ ಕ್ರಮ, ವಿಜ್ಞಾನದ ವಿದ್ಯಾರ್ಥಿ ಒಪ್ಪಬಾರದಂಥದು.

ಏಕೆಂದು ನೋಡೋಣ. ಕ್ರೇನು ಒಂದು ಸನ್ನೆಕೋಲು. ಅದನ್ನು ಉರುಳಿಸಲು ಯತ್ನಿಸುವುದು ಭಾರವೊಂದೇ ಅಲ್ಲ. ಭಾರ ಮತ್ತು ದೂರಗಳ ಗುಣಲಬ್ಧವಾದ ಬಲಭ್ರಾಮಕ. ಒಂದು ಕ್ರೇನು 2 ಮೀಟರ್ ದೂರದಲ್ಲಿ 3 ಟನ್ ಎತ್ತಬಲ್ಲುದು ಎನ್ನಿ. ಗುಣಲಬ್ಧ 6 ಟನ್-ಮೀಟರ್. ತೋಳನ್ನು 6 ಮೀಟರಿಗೆ ಚಾಚಿದರೆ ಅದೇ ಕ್ರೇನು 1 ಟನ್ ಮಾತ್ರ ಎತ್ತೀತು. 10 ಮೀಟರಿನಲ್ಲಿ 600 ಕಿಲೋಗ್ರಾಂ. ತೋಳಿನ ಸ್ವಂತ ತೂಕವನ್ನೂ ಲೆಕ್ಕಕ್ಕೆ ಹಿಡಿದರೆ ಇನ್ನೂ ಕಡಿಮೆ. ಹಾಗಾದರೆ ಇದು ಎಷ್ಟು ಟನ್ನಿನ ಕ್ರೇನು? ದೂರವನ್ನು ಹೇಳದೆ ಉತ್ತರವಿಲ್ಲ. ಯುರೋಪಿನ ತಯಾರಕರು ಇಂತಹ ಕ್ರೇನುಗಳನ್ನು ಟನ್-ಮೀಟರುಗಳಲ್ಲಿ ಗುರುತಿಸುವುದು ಇದೇ ಕಾರಣಕ್ಕೆ.

ಟನ್ ಲೆಕ್ಕ ಮರೆಮಾಚುವ ಇನ್ನೊಂದು ಸಂಗತಿ ಕಾನೂನು. ಜಪಾನನ್ನು ನೋಡಿ. ಅಲ್ಲಿ ಕ್ರೇನು ಹೊತ್ತ ಲಾರಿ ಎಷ್ಟು ಸಾಮಾನ್ಯವೆಂದರೆ, ಯಾವ ಕಂಪನಿಯದಾದರೂ ಜನ ಅದನ್ನು ‘ಯುನಿಕ್’ ಎಂಬ ಒಂದು ತಯಾರಿಕೆಯ ಹೆಸರಿನಿಂದಲೇ ಕರೆಯುವುದುಂಟು. ಅಲ್ಲಿನ ವಿವರಪಟ್ಟಿಗಳಲ್ಲಿ 2.93 ಟನ್ ಎಂಬ ವಿಚಿತ್ರ ಸಂಖ್ಯೆ ಮತ್ತೆ ಮತ್ತೆ ಎದುರಾಗುತ್ತದೆ. 3 ಏಕಲ್ಲ? ಉಕ್ಕಿನ ಗುಣ ಇದಕ್ಕೆ ಕಾರಣವಲ್ಲ. 3 ಟನ್ ಮುಟ್ಟಿದರೆ ತಯಾರಿಕೆಗೆ ಅನುಮತಿ, ಅಧಿಕೃತ ಪರೀಕ್ಷೆ, ಪ್ರಮಾಣಪತ್ರ ಎಲ್ಲವೂ ಬೇಕು. ಅದರೊಳಗಿದ್ದರೆ ಮಾಲೀಕರ ನಿಯತ ತಪಾಸಣೆ ಸಾಕು. ಅಂದರೆ ‘3 ಟನ್ನಿಗಿಂತ ಕಡಿಮೆ’ ವರ್ಗದ ಬೆಳವಣಿಗೆಯಲ್ಲಿ ಬೇಡಿಕೆಯಷ್ಟೇ ಅಲ್ಲ, ನಿಯಮದ ಗೆರೆಯೂ ಪಾಲುದಾರ.

ಈ ವರ್ಗದ ಕ್ರೇನುಗಳಲ್ಲಿ ಅಲ್ಲಿ ಬಹುಕಾಲ ಭಾರಮಾಪಕವಿದ್ದರೆ ಸಾಕಿತ್ತು. ಇದರ ಕೊರತೆ ನಿಮಗೀಗ ಹೊಳೆದಿರಬೇಕು: ಮಾಪಕಕ್ಕೆ ಭಾರ ತಿಳಿಯುತ್ತದೆ, ದೂರ ತಿಳಿಯುವುದಿಲ್ಲ. 1 ಟನ್ ತೋರಿಸುವ ಮುಳ್ಳು 2 ಮೀಟರಿನಲ್ಲೂ ಅದನ್ನೇ ತೋರಿಸುತ್ತದೆ, 10 ಮೀಟರಿನಲ್ಲೂ ಅದನ್ನೇ. ಮೊದಲನೆಯದು ಕ್ಷೇಮ, ಎರಡನೆಯದು ಅಪಾಯ. 2018ರಲ್ಲಿ ಅಲ್ಲಿನ ರಚನಾ ಮಾನಕವನ್ನು ತಿದ್ದಿ, 3 ಟನ್ನಿನ ಒಳಗಿನ ಹೊಸ ಕ್ರೇನುಗಳಿಗೂ ಬರಿಯ ಮಾಪಕ ಸಾಲದು, ಮಿತಿಮೀರಿದ ಹೊರೆಯನ್ನು ತಡೆಯುವ ಸಾಧನ ಬೇಕು ಎಂದು ವಿಧಿಸಲಾಯಿತು. ಸನ್ನೆಕೋಲಿನ ಪಾಠ ನಿಯಮದ ಪುಸ್ತಕ ಸೇರಿತು. ಹಾಗಿದ್ದೂ ತಿದ್ದುಪಡಿಗೆ ಮೊದಲು ತಯಾರಾದ ಯಂತ್ರವನ್ನೂ ಅನಂತರದ್ದನ್ನೂ ಟನ್ ಕೋಷ್ಟಕ ಒಂದೇ ಸಾಲಿನಲ್ಲಿ ಕೂರಿಸುತ್ತದೆ.

ಕೊಳ್ಳುವವರಿಗೆ ಟನ್ ಸುಲಭವಾಗಿ ತಿಳಿಯುತ್ತದೆ ಎಂಬ ಸಮರ್ಥನೆ ಇದೆ. ಸುಲಭವೇನೋ ಹೌದು. ಆದರೆ ತಾನು ಕೊಂಡದ್ದು 3 ಟನ್ನಿನ ಕ್ರೇನೆಂದು ನಂಬಿದವನು, ತೋಳು ಚಾಚಿ 2 ಟನ್ ಎತ್ತಲು ಹೋದರೆ ಬೆಲೆ ತೆರುವವನು ಪಕ್ಕದಲ್ಲಿ ಹಗ್ಗ ಹಿಡಿದು ನಿಂತ ಕೆಲಸಗಾರ. ಬೆಳವಣಿಗೆಯ ವರದಿ ಬರೆಯುವವರು ಇಷ್ಟನ್ನಾದರೂ ಸೇರಿಸಲಿ: ಎಷ್ಟು ಟನ್-ಮೀಟರು, ಯಾವ ಸುರಕ್ಷಾ ಸಾಧನ, ನಡೆಸುವವರಿಗೆ ಯಾವ ತರಬೇತಿ.

ಶಿಕ್ಷಕರಿಗೊಂದು ಸಲಹೆ. ಪುಟ್ಟ ಮರದ ತುಂಡೊಂದಕ್ಕೆ ಅಳತೆಪಟ್ಟಿಯನ್ನು ಬಿಗಿಯಾಗಿ ಕಟ್ಟಿ, ಅದು ಒಂದು ಬದಿಗೆ ಚಾಚಿಕೊಂಡಿರಲಿ. ಬೇರೆ ಬೇರೆ ದೂರದಲ್ಲಿ ನಾಣ್ಯಗಳನ್ನಿಟ್ಟು, ಎಷ್ಟಕ್ಕೆ ತುಂಡು ಉರುಳುತ್ತದೆ ಎಂದು ಮಕ್ಕಳಿಂದ ಬರೆಸಿ, ನಕ್ಷೆ ಎಳೆಸಿ. ಆಮೇಲೆ ಕ್ರೇನಿನ ಜಾಹೀರಾತೊಂದನ್ನು ಕೈಗಿತ್ತು, ಅದರಲ್ಲಿ ಏನು ಬಿಟ್ಟುಹೋಗಿದೆ ಎಂದು ಕೇಳಿ. ಉತ್ತರವನ್ನು ಅವರೇ ಹೇಳುತ್ತಾರೆ.