ಬಾಗಿಲಿಲ್ಲದವರ ಪ್ರೇಮಕಥೆ

ಇಬ್ಬರು ಗಂಡಸರ ಪ್ರೀತಿಯ ಬಗ್ಗೆ ಬರೆಯುವ ನಮ್ಮ ಓರಗೆಯವರು ಹೆಚ್ಚುತ್ತಿದ್ದಾರೆ. ಸಂತೋಷ. ಆದರೆ ಕಥೆ ಕಟ್ಟುವ ರೀತಿ ನೋಡಿದರೆ ಒಂದೇ ಜಾಡು: ಒಂದು ರೂಮು, ಇಬ್ಬರು, ಒಬ್ಬನಿಗೆ ಮನೆಯವರು ಹೆಣ್ಣು ನೋಡ್ತಾರೆ, ಇನ್ನೊಬ್ಬ ನೇಣು ಹಾಕ್ಕೊಳ್ತಾನೆ. ಓದುಗ ಕಣ್ಣೊರೆಸಿಕೊಂಡು ಮಲಗುತ್ತಾನೆ. ಈ ಕನಿಕರ ನಮಗೆ ಹೊಸದಲ್ಲ. ಕಾರಂತರ ಚೋಮನೂ 1933ರಲ್ಲಿ ದುಡಿ ಬಡಿಯುತ್ತ ಸತ್ತೇ ಅಕ್ಷರಸ್ಥರ ಕಣ್ಣಲ್ಲಿ ನೀರು ತರಿಸಿದ. ಭೂಮಿ ಮಾತ್ರ ಅವನಿಗೆ ಸಿಗಲಿಲ್ಲ.

ಇಂಗ್ಲೆಂಡಿನ ಇ.ಎಂ. ಫಾರ್ಸ್ಟರ್ ಈ ಜಾಡು ಹಿಡಿಯಲಿಲ್ಲ. ಅವನ ‘ಮಾರಿಸ್’ ಕಾದಂಬರಿ ಬರೆದದ್ದು 1913-14ರಲ್ಲಿ. ಅಚ್ಚಾದದ್ದು 1971ರಲ್ಲಿ, ಅವನು ಸತ್ತ ಮರುವರ್ಷ. ಪ್ರೇಮಿಗಳನ್ನು ಸಾಯಿಸಿದ್ದರೆ ಅಚ್ಚು ಹಾಕಿಸುವುದು ಸುಲಭವಾಗುತ್ತಿತ್ತು ಎಂದು ಅವನೇ ಹೇಳಿಕೊಂಡಿದ್ದಾನೆ. ಸಾಯಿಸಲಿಲ್ಲ.

ಅದರ ಕಟ್ಟಡವನ್ನು ಗಮನಿಸಿ. ಮಾರಿಸನ ಮೊದಲ ಗೆಳೆಯ, ಜಮೀನ್ದಾರಿ ಮನೆತನದ ಕ್ಲೈವ್, ಹೆಣ್ಣನ್ನು ಮದುವೆಯಾಗಿ ದೂರವಾಗುತ್ತಾನೆ. ನಮ್ಮವರ ಕಥೆ ಮುಗಿಯುವುದೇ ಅಲ್ಲಿ. ಫಾರ್ಸ್ಟರನಿಗೆ ಅದು ನಡುದಾರಿ. ಆಮೇಲೆ ಕ್ಲೈವನ ಎಸ್ಟೇಟಿನ ಆಳು ಅಲೆಕ್ ಏಣಿ ಹತ್ತಿ ಮಾರಿಸನ ಕಿಟಕಿಯಿಂದ ಒಳಬರುತ್ತಾನೆ. ಅಡ್ಡಿ ಮುಗಿಯಿತೇ? ಈಗ ಶುರು. ಆಳಿನ ಕಾಗದ ಬಂದರೆ ಮಾರಿಸನಿಗೆ, ಇವನು ದುಡ್ಡು ಕೀಳಲು ಬಂದನೇನೋ ಎಂಬ ದಿಗಿಲು. ಉತ್ತರ ಬಾರದಿದ್ದರೆ ಆಳಿಗೆ, ನನ್ನನ್ನು ಕಸದ ಹಾಗೆ ಕಂಡನಲ್ಲ ಎಂಬ ಸಿಟ್ಟು. ಅಡ್ಡಿ ಹೊರಗಿನಿಂದ ಬಂದದ್ದಲ್ಲ, ಅವರಿಬ್ಬರ ಹಾಸಿಗೆಯಲ್ಲೇ ಮಲಗಿದೆ. ಕೊನೆಗೆ ಊರು ಬಿಟ್ಟು ಕಾಡು ಸೇರುವ ಕನಸು ಮಾತ್ರ ನಮಗೆ ಹಿಡಿಸಲಿಲ್ಲ. ನಮ್ಮಲ್ಲಿ ಕಾಡಿಗೆ ಹೋದರೆ ಅರಣ್ಯ ಇಲಾಖೆಯವರು ಕೇಸು ಹಾಕ್ತಾರೆ.

ಕನ್ನಡದಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ (2013) ದೊಡ್ಡ ಹೆಜ್ಜೆ. ಜೊತೆಗಿದ್ದ ಕಾರ್ತಿಕ್ ಹೆಣ್ಣನ್ನು ಮದುವೆಯಾಗಿ ಹೋದರೂ ಮೋಹನಸ್ವಾಮಿ ಸಾಯುವುದಿಲ್ಲ, ಕಿಲಿಮಂಜಾರೋ ಹತ್ತುತ್ತಾನೆ. ಇದನ್ನು ನಾವು ಗೌರವಿಸುತ್ತೇವೆ. ಆದರೂ ಆ ಬೆಟ್ಟಕ್ಕೆ ವಿಮಾನದ ಟಿಕೆಟ್ಟು ಬೇಕು, ಒಬ್ಬನೇ ಕೂತು ಅಳುವುದಕ್ಕೂ ಮುಚ್ಚುವ ಬಾಗಿಲು ಬೇಕು. ಒಂದೇ ಕೋಣೆಯಲ್ಲಿ ಏಳು ಜನ ಮಲಗುವ ಕೇರಿಯ ಹುಡುಗ ಎಲ್ಲಿಗ್ ಹೋಗ್ಬೇಕು? 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ವಯಸ್ಕರು ಖಾಸಗಿಯಾಗಿ ಒಪ್ಪಿ ಕೂಡುವುದು ಅಪರಾಧವಲ್ಲ ಎಂದಿತು. ಖಾಸಗಿ ಜಾಗ ಯಾರಿಗಿದೆ?

ಕಥೆಗಾರ ಗೆಳೆಯರೇ, ಇದನ್ನೇ ಕಥೆಯ ಬೆನ್ನುಮೂಳೆ ಮಾಡಿ. ಗೌಡರ ಮಗನನ್ನು ಕೇರಿಯ ಹುಡುಗ ಪ್ರೀತಿಸಿದ ಅಂತಿಟ್ಟುಕೊಳ್ಳಿ. ಹಗಲೆಲ್ಲ ‘ಗೌಡ್ರೇ’ ಅನ್ನುವ ಬಾಯಿ ಪಂಪ್‌ಸೆಟ್ಟಿನ ಮನೆಯ ಕತ್ತಲಲ್ಲಿ ‘ನೀನು’ ಅನ್ನಲು ಎಷ್ಟು ಪುಟ ಹಿಡಿದೀತು? ಅಂದಮೇಲೆ ಬೆಳಗಾಗೆದ್ದು ಮತ್ತೆ ‘ಗೌಡ್ರೇ’ ಅನ್ನುವಾಗ ಗೌಡರ ಮಗ ತಲೆ ತಗ್ಗಿಸುತ್ತಾನೋ, ಸುಮ್ಮನೆ ಕೂಲಿ ಎಣಿಸಿ ಕೊಡುತ್ತಾನೋ? ಮುತ್ತಿನ ವರ್ಣನೆ ಆಮೇಲೆ ಬರೆದರಾಯ್ತು, ಮೊದಲು ಈ ‘ನೀನು’ ಬರೀರಿ.

ಇನ್ನು ಒಂದೇ ಸಾಲಿನಲ್ಲಿ ಕಳೆ ಕೀಳುತ್ತ ಹತ್ತು ವರ್ಷ ಒಟ್ಟಿಗಿರುವ ಇಬ್ಬರು ಹೆಂಗಸರಿದ್ದಾರಲ್ಲ, ಅವರನ್ನು ಯಾರೂ ಅನುಮಾನಿಸುವುದಿಲ್ಲ, ಯಾರೂ ಬರೆದೂ ಇಲ್ಲ. ಅಲ್ಲಿ ನಮಗೆ ಫಾರ್ಸ್ಟರನ ಏಣಿಯೂ ಉಪಯೋಗಕ್ಕೆ ಬರೋದಿಲ್ಲ.